ಕಂದೂರಿ

ಕಂದೂರಿ ಎಂಬುದು ಉತ್ತರ ಕರ್ನಾಟಕದಲ್ಲಿ ಸೂಫಿ ಸಂತರ ಹೆಸರಿನಲ್ಲಿ ಹೊತ್ತ ಹರಕೆಯನ್ನು ತೀರಿಸಲು ಮಾಡಲಾಗುವ ಸಾಮೂಹಿಕ ಮಾಂಸದೂಟ. ಆಡು ಅಥವಾ ಕುರಿಯನ್ನು ಕೊಯ್ದು, ದೊಡ್ಡ ಪಾತ್ರೆಗಳಲ್ಲಿ ಸಾರು ಮಾಡಿ, ಜೋಳದ ರೊಟ್ಟಿ ಮತ್ತು ಅನ್ನದೊಂದಿಗೆ ಬಂಧುಗಳಿಗೆ, ನೆರೆಹೊರೆಯವರಿಗೆ ಹಾಗೂ ಕರೆಯದೆ ಬಂದವರಿಗೂ ಬಡಿಸುವುದು ಇದರ ತಿರುಳು. ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು, ಕೊಪ್ಪಳ, ಗದಗ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಈ ಪದ್ಧತಿ ಬಳಕೆಯಲ್ಲಿದೆ. ಮುಸ್ಲಿಮರಷ್ಟೇ ಅಲ್ಲದೆ ಮಾಂಸಾಹಾರಿಗಳಾದ ಹಲವು ಹಿಂದೂ ಸಮುದಾಯದವರೂ ಕಂದೂರಿ ಮಾಡುತ್ತಾರೆ. ದಕ್ಷಿಣ ಕರ್ನಾಟಕದ ಬಾಡೂಟಕ್ಕೂ ಇದಕ್ಕೂ ಅಡುಗೆಯಲ್ಲಿ ಹೋಲಿಕೆ ಇದ್ದರೂ ಎರಡೂ ಒಂದೇ ಅಲ್ಲ. ಬಾಡೂಟವನ್ನು ಯಾವ ಸಂದರ್ಭಕ್ಕಾದರೂ ಮಾಡಬಹುದು. ಕಂದೂರಿಗೆ ಹರಕೆ ಇರಲೇಬೇಕು.

ಪದದ ಮೂಲ

ಕಂದೂರಿ ಎಂಬುದು ಪಾರಸಿ ಮೂಲದ ಪದ. ಊಟಕ್ಕೆ ಕುಳಿತವರ ಮುಂದೆ ಹಾಸುವ ಬಟ್ಟೆ ಅಥವಾ ತೊಗಲಿನ ಹಾಸು ಎಂಬುದು ಅದರ ಮೊದಲ ಅರ್ಥ. ಹಾಸಿನ ಹೆಸರು ಮುಂದೆ ಅದರ ಮೇಲೆ ಬಡಿಸಿದ ಊಟಕ್ಕೆ ಬಂದಿತು, ಊಟದಿಂದ ಆಚರಣೆಗೆ ಬಂದಿತು. ಜಾಫರ್ ಷರೀಫ್ ಎಂಬವರು ದಖನಿನ ಮುಸ್ಲಿಮರ ಆಚರಣೆಗಳನ್ನು ಕುರಿತು ಬರೆದ, ಹರ್ಕ್ಲಾಟ್ಸ್ ಇಂಗ್ಲಿಷಿಗೆ ಅನುವಾದಿಸಿ 1832ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ 'ಕಾನೂನ್-ಎ-ಇಸ್ಲಾಂ' ಗ್ರಂಥದಲ್ಲಿಯೂ ಕಂದೂರಿಯ ಪ್ರಸ್ತಾಪವಿದೆ. ತಮಿಳುನಾಡಿನ ನಾಗೂರಿನಲ್ಲಿ ಶಾಹುಲ್ ಹಮೀದರ ದರ್ಗಾದ ವಾರ್ಷಿಕ ಉತ್ಸವಕ್ಕೂ ಕಂದೂರಿ ಎಂದೇ ಹೆಸರು. ಸಮುದ್ರ ದಾಟಿ ಹೋದ ಇದೇ ಪದ ಮಲಯ ಭಾಷೆಯಲ್ಲಿ 'ಕೆಂದೂರಿ' ಆಗಿದೆ. ಮಲೇಷ್ಯಾ ಮತ್ತು ಇಂಡೋನೇಷ್ಯಾಗಳಲ್ಲಿ ಮದುವೆ, ಮರಣ, ಸುಗ್ಗಿ ಮೊದಲಾದ ಸಂದರ್ಭಗಳ ಊರೂಟವನ್ನು ಹಾಗೆ ಕರೆಯುತ್ತಾರೆ. ನಮ್ಮ ಹಳ್ಳಿಯ ಮಾತು ಎಂದು ನಾವು ಭಾವಿಸಿಕೊಂಡ ಪದವೊಂದು ಅಷ್ಟು ದೂರದ ನೆಂಟಸ್ತಿಕೆ ಇಟ್ಟುಕೊಂಡಿದೆ.

ಹಿನ್ನೆಲೆ

ವಿಜಯಪುರದ ಆದಿಲ್‌ಶಾಹಿ ಅರಸರ ಕಾಲದಲ್ಲಿ (1490–1686) ಕೃಷ್ಣಾ, ಭೀಮಾ ಮತ್ತು ಮಲಪ್ರಭಾ ನದಿಗಳ ಬಯಲಿನಲ್ಲಿ ಅನೇಕ ಸೂಫಿ ಸಂತರು ನೆಲೆಸಿದರು. ಕಲಬುರಗಿಯ ಖಾಜಾ ಬಂದೇನವಾಜರು (ಮರಣ 1422) ಇವರಿಗಿಂತ ಹಿಂದಿನವರು. ಇತಿಹಾಸಕಾರ ರಿಚರ್ಡ್ ಈಟನ್ ಈ ಸಂತರನ್ನು ಕುರಿತ ತಮ್ಮ ಗ್ರಂಥವನ್ನು 1978ರಲ್ಲಿ ಪ್ರಕಟಿಸಿದರು. ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ 'ಚಕ್ಕಿನಾಮಾ' ಎಂಬ ದಖನಿ ಹಾಡುಗಳ ಮೂಲಕ ಸೂಫಿ ವಿಚಾರಗಳು ಮನೆಮನೆಗೆ ತಲುಪಿದುದನ್ನು ಅವರು ಗುರುತಿಸಿದ್ದಾರೆ. ಕಂದೂರಿಯನ್ನು ಅರಿಯಲು ಇದು ಉಪಯುಕ್ತ ಸುಳಿವು. ಶಾಸ್ತ್ರಗ್ರಂಥಕ್ಕಿಂತ ಅಡುಗೆಮನೆ ಮತ್ತು ಅಂಗಳದ ಮೂಲಕವೇ ಸಂತರ ಭಕ್ತಿ ಈ ಸೀಮೆಯಲ್ಲಿ ಹಬ್ಬಿದಂತೆ ತೋರುತ್ತದೆ.

ಈ ಭಕ್ತಿಯಲ್ಲಿ ಮತದ ಗೆರೆ ಅಷ್ಟು ಗಟ್ಟಿಯಲ್ಲ. ನವಲಗುಂದ ತಾಲ್ಲೂಕಿನ ಯಮನೂರಿನ ಸಂತನನ್ನು ಹಿಂದೂಗಳು ಚಾಂಗದೇವನೆಂದೂ ಮುಸ್ಲಿಮರು ರಾಜಾಬಾಗಸವಾರನೆಂದೂ ನಂಬುತ್ತಾರೆ. ಆ ಹರಕೆಯಿಂದ ಹುಟ್ಟಿದ ಮಗುವಿಗೆ ಯಮನೂರಪ್ಪ ಎಂದು ಹೆಸರಿಡುವುದುಂಟು. ಫಕೀರಪ್ಪ, ಹುಸೇನಪ್ಪ, ಲಾಲಪ್ಪ, ಖಾಜಪ್ಪ ಎಂಬ ಹೆಸರುಗಳು ಹಿಂದೂ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಹಳ್ಳಿಯ ಶಾಲೆಯ ಹಾಜರಿ ಪುಸ್ತಕವನ್ನು ಒಮ್ಮೆ ತಿರುವಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನಲ್ಲಿ ಕಂದೂರಿ ಇದ್ದ ದಿನ ಅದೇ ಹಾಜರಿ ಪುಸ್ತಕದಲ್ಲಿ ಮಧ್ಯಾಹ್ನದ ಗೈರುಹಾಜರಿ ಏರುತ್ತಿದ್ದುದೂ ಅಷ್ಟೇ ನಿಜ.

ಕಮತಗಿ ಪರಿಸರ

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ಕಮತಗಿ ನೇಕಾರಿಕೆಗೆ ಹೆಸರಾದ ಪಟ್ಟಣ. ಇಲ್ಲಿನ ಹುಚ್ಚೇಶ್ವರ ಮಠದಲ್ಲಿ ಜಾತ್ರೆಯ ದಾಸೋಹ ನಡೆಯುತ್ತದೆ. ಅದು ಸಂಪೂರ್ಣ ಸಸ್ಯಾಹಾರದ ಊಟ. ಕಂದೂರಿಯಾದರೋ ಮನೆಯ ಅಂಗಳದಲ್ಲಿ, ಹೊಲದಲ್ಲಿ ಅಥವಾ ದರ್ಗಾದ ಬಳಿಯ ಬಯಲಿನಲ್ಲಿ ಆಗುತ್ತದೆ. ಹೀಗೆ ಒಂದೇ ಪರಿಸರದಲ್ಲಿ ಬಹುಜನರ ಅಡುಗೆಯ ಎರಡು ಸಂಪ್ರದಾಯಗಳು ಒಟ್ಟಿಗೆ ಬಾಳುತ್ತಿವೆ, ಮತ್ತು ಎರಡಕ್ಕೂ ಜೋಳದ ರೊಟ್ಟಿಯೇ ಆಧಾರ. ಇಳಕಲ್ಲಿನ ಮುರ್ತುಜಾ ಖಾದ್ರಿ ದರ್ಗಾ ಈ ಭಾಗದ ಮುಖ್ಯ ಶ್ರದ್ಧಾಕೇಂದ್ರಗಳಲ್ಲಿ ಒಂದು.

ಕಮತಗಿಗೆ ಸಮೀಪದ ಅಮೀನಗಡ ಹೊರಗಿನವರಿಗೆ ಕರದಂಟಿನಿಂದ ಪರಿಚಿತ; ಸುತ್ತಲಿನ ರೈತರಿಗೆ ಅದು ಕುರಿ ಮತ್ತು ಆಡಿನ ಸಂತೆಯ ಊರು. ಕಂದೂರಿ ಗೊತ್ತಾದ ಮನೆಯವರು ಮೊದಲು ಹೋಗುವುದು ಇಂಥ ಸಂತೆಗೆ. ಬಾಗಲಕೋಟೆ ಸೀಮೆಯ ಯಳಗ ಹಾಗೂ ಕೊಪ್ಪಳ–ರಾಯಚೂರು ಕಡೆಯ ಕೆಂಗುರಿ ಈ ಪ್ರದೇಶದ ಹೆಸರಾಂತ ಕುರಿ ತಳಿಗಳು. ಹರಕೆಯ ಆಡನ್ನು ಮನೆಯಲ್ಲಿಯೇ ಸಾಕುವವರೂ ಇದ್ದಾರೆ. ಅಂಥ ಆಡನ್ನು ಮಾರುವುದಿಲ್ಲ. ಮನೆಯ ಮಕ್ಕಳು ಅದಕ್ಕೆ ಹೊಂದಿಕೊಂಡಿರುವುದರಿಂದ ಕೊನೆಯ ದಿನ ಅವರನ್ನು ಸಮಾಧಾನ ಮಾಡುವುದು ಹಿರಿಯರಿಗೆ ಕಷ್ಟದ ಕೆಲಸವಾಗುತ್ತದೆ.

ಹರಕೆ ಮತ್ತು ಓದಿಕೆ

ಸಂತಾನ, ಕಾಯಿಲೆಯಿಂದ ಬಿಡುಗಡೆ, ಬೋರ್‌ವೆಲ್‌ಗೆ ನೀರು, ಮಗನಿಗೆ ನೌಕರಿ ಮೊದಲಾದವು ಹರಕೆಗೆ ಸಾಮಾನ್ಯ ಕಾರಣಗಳು. ಸುಗ್ಗಿ ಮುಗಿದು ಕೈಯಲ್ಲಿ ಒಂದಿಷ್ಟು ಹಣ ಆಡುವ, ಮಳೆಗಾಲಕ್ಕೆ ಮುಂಚಿನ ತಿಂಗಳುಗಳು ಇದಕ್ಕೆ ಅನುಕೂಲ. ಹಿಂದೂ ಮನೆಗಳಲ್ಲಿ ಶ್ರಾವಣ ಮಾಸವನ್ನು ಬಿಡುತ್ತಾರೆ. ಮುಲ್ಲಾ ಅಥವಾ ದರ್ಗಾದ ಮುಜಾವರ ಬಂದು ದೇವರ ಹೆಸರು ಹೇಳಿ ಪ್ರಾಣಿಯನ್ನು ಕೊಯ್ಯುತ್ತಾನೆ. ಹರಕೆ ಹೊತ್ತವರು ಹಿಂದೂಗಳಾದರೂ ಈ ಕ್ರಮ ಬದಲಾಗುವುದಿಲ್ಲ. ಅಡುಗೆ ಸಿದ್ಧವಾದ ಮೇಲೆ ಮೊದಲ ಪಾಲನ್ನು ತೆಗೆದಿಟ್ಟು, ಊದು ಹಾಕಿ, ಫಾತೇಹಾ ಓದಿಸುತ್ತಾರೆ. ಸಕ್ಕರೆಯನ್ನೂ ಓದಿಸಿ ಹಂಚುವುದು ರೂಢಿ. ಮಾಂಸ ತಿನ್ನದ ನೆರೆಯವರು ಈ ಸಕ್ಕರೆಯನ್ನು ಮಾತ್ರ ಸ್ವೀಕರಿಸಿ ಹರಕೆಯಲ್ಲಿ ಪಾಲುಗೊಳ್ಳುತ್ತಾರೆ. ಓದಿಕೆ ಆಗುವವರೆಗೆ ಯಾರೂ ರುಚಿ ನೋಡುವಂತಿಲ್ಲ ಎಂಬ ನಿಯಮವಿರುವ ಮನೆಗಳಲ್ಲಿ ಉಪ್ಪು ಖಾರವನ್ನು ವಾಸನೆ ಮತ್ತು ಬಣ್ಣದಿಂದಲೇ ಅಂದಾಜು ಮಾಡಬೇಕಾಗುತ್ತದೆ. ಅಡುಗೆಯವನ ನಿಜವಾದ ಪರೀಕ್ಷೆ ಅದು.

ಅಡುಗೆಯ ಪ್ರಮಾಣ

ನೂರು ಜನರ ಊಟಕ್ಕೆ ಎಲುಬು ಸಹಿತ 18 ಕಿಲೋ ಮಾಂಸ ಸಾಕಾಗುತ್ತದೆ. ತಲೆಗೆ 180 ಗ್ರಾಂ, ಎಂದರೆ 35 ಗ್ರಾಮಿನ ಸುಮಾರು ಐದು ತುಂಡು. ಜೀವಂತ ಆಡಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಮಾಂಸವಾಗಿ ದೊರೆಯುವುದರಿಂದ, 20 ಕಿಲೋ ತೂಗುವ ಎರಡು ಆಡುಗಳು ಬೇಕು. ಉಳಿದ ಸಾಮಗ್ರಿ ಹೀಗೆ: ಈರುಳ್ಳಿ 6 ಕಿಲೋ, ಬೆಳ್ಳುಳ್ಳಿ 600 ಗ್ರಾಂ, ಶುಂಠಿ 400 ಗ್ರಾಂ, ಒಣಕೊಬ್ಬರಿ ಒಂದೂವರೆ ಕಿಲೋ, ಹುರಿಗಡಲೆ (ಪುಟಾಣಿ) ಅರ್ಧ ಕಿಲೋ, ಕೊತ್ತಂಬರಿ ಬೀಜ ಅರ್ಧ ಕಿಲೋ, ಗಸಗಸೆ 200 ಗ್ರಾಂ, ಕೆಂಪು ಖಾರ 600 ಗ್ರಾಂ, ಅರಿಶಿನ 100 ಗ್ರಾಂ, ಎಣ್ಣೆ 2 ಕಿಲೋ, ಚಕ್ಕೆ ಲವಂಗಾದಿ ಮಸಾಲೆ 200 ಗ್ರಾಂ, ಉಪ್ಪು 550ರಿಂದ 600 ಗ್ರಾಂ. ಖಾರದಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಪಾಲು ಹೆಚ್ಚಿದ್ದರೆ ಬಣ್ಣ ಬರುತ್ತದೆ, ಹೊಟ್ಟೆ ಉರಿಯುವುದಿಲ್ಲ. ಅಕ್ಕಿ 12 ಕಿಲೋ. ತಲೆಗೆ ಎರಡರಂತೆ ರೊಟ್ಟಿ ಹಿಡಿದರೆ ಜೋಳದ ಹಿಟ್ಟು 18ರಿಂದ 20 ಕಿಲೋ; ಒಂದು ಕಿಲೋ ಹಿಟ್ಟಿಗೆ ಹತ್ತರಿಂದ ಹನ್ನೆರಡು ರೊಟ್ಟಿ ಬರುತ್ತವೆ.

ಮನೆಮಂದಿಯ ಅಡುಗೆಯ ಲೆಕ್ಕವನ್ನು ಹಾಗೆಯೇ ಗುಣಿಸಿದರೆ ಕಂದೂರಿ ಕೆಡುತ್ತದೆ. ಐದು ಜನರ ಸಾರಿಗೆ ಹಾಕುವ ನೀರನ್ನು ಇಪ್ಪತ್ತರಿಂದ ಗುಣಿಸಿ ಹಾಕಿದರೆ ಸಾರು ನೀರಾಗುವುದು ಖಚಿತ. ಪಾತ್ರೆ ದೊಡ್ಡದಾದಂತೆ ಅದರೊಳಗಿನ ಪದಾರ್ಥ ಹೆಚ್ಚುವಷ್ಟು ವೇಗವಾಗಿ ಅದರ ಬಾಯಿಯ ಅಗಲ ಹೆಚ್ಚುವುದಿಲ್ಲ. ಆದ್ದರಿಂದ ಆವಿಯಾಗಿ ಹೋಗುವ ನೀರಿನ ಪಾಲು ಕಡಿಮೆ. 18 ಕಿಲೋ ಮಾಂಸಕ್ಕೆ 28ರಿಂದ 30 ಲೀಟರ್ ನೀರು ಸಾಕು. ಇದೇ ಕಾರಣದಿಂದ ಉಪ್ಪು ಖಾರಗಳನ್ನು ಮುಕ್ಕಾಲು ಪಾಲು ಮೊದಲು ಹಾಕಿ, ಉಳಿದ ಕಾಲು ಪಾಲನ್ನು ಕೊನೆಯವರೆಗೆ ಕಾಯ್ದಿರಿಸುತ್ತಾರೆ.

ಕಡಿಮೆ ಮಾಂಸವನ್ನು ಹೆಚ್ಚು ಜನರಿಗೆ ಹಂಚುವುದು ಜಗತ್ತಿನ ಎಲ್ಲ ಅಡುಗೆಮನೆಗಳ ಸಮಸ್ಯೆ. ಪಾಶ್ಚಾತ್ಯರು ಕೊಚ್ಚಿದ ಮಾಂಸಕ್ಕೆ ಬ್ರೆಡ್ಡಿನ ಪುಡಿ ಮತ್ತು ಮೊಟ್ಟೆ ಬೆರೆಸಿ, ಅಚ್ಚಿನಲ್ಲಿ ಬೇಯಿಸಿ, 'ಮೀಟ್ ಲೋಫ್' ಎಂಬ ಹೆಸರಿನಲ್ಲಿ ಹೋಳು ಹೋಳಾಗಿ ಬಡಿಸುತ್ತಾರೆ. ನಮ್ಮಲ್ಲಿಯೂ ಖೀಮಾದೊಂದಿಗೆ ಹುರಿಗಡಲೆ ಹಿಟ್ಟು ಬೆರೆಸಿದ ಉಂಡೆಗಳಿವೆ. ಆದರೆ ಅವು ಮನೆಯ ಅಡುಗೆ. ಕಂದೂರಿಯಲ್ಲಿ ಬ್ರೆಡ್ಡಿನ ಕೆಲಸವನ್ನು ಎಸರು ಮಾಡುತ್ತದೆ. ಎಲುಬಿನ ಸಾರ ಬಿಟ್ಟ ಎಸರಿನಲ್ಲಿ ರೊಟ್ಟಿಯನ್ನು ಮುರಿದು ನೆನೆಸಿ ಉಂಡಾಗ ಐದೇ ತುಂಡು ಮಾಂಸದಿಂದಲೂ ಹೊಟ್ಟೆ ತುಂಬುತ್ತದೆ.

ಅಡುಗೆಯ ಕ್ರಮ

ರೊಟ್ಟಿಯ ಕೆಲಸ ಕಂದೂರಿಗೆ ಮೂರು ನಾಲ್ಕು ದಿನ ಮುಂಚೆ ಆರಂಭವಾಗುತ್ತದೆ. ಓಣಿಯ ಒಂದೊಂದು ಮನೆಗೆ ಒಂದೆರಡು ಕಿಲೋ ಹಿಟ್ಟು ಕೊಟ್ಟು ಬಂದರೆ ಅವರು ಬಡಿದು, ಸುಟ್ಟು, ಒಣಗಿಸಿದ ಖಡಕ್ ರೊಟ್ಟಿಯನ್ನು ಬುಟ್ಟಿಯಲ್ಲಿ ತಂದೊಪ್ಪಿಸುತ್ತಾರೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುವುದೂ ಇದೇ ಪದ್ಧತಿಯ ದೊಡ್ಡ ರೂಪ. ಮಾಂಸದ ಅಡುಗೆ ಸಾಮಾನ್ಯವಾಗಿ ಗಂಡಸರ ಕೆಲಸವಾಗಿರುವುದರಿಂದ ಹೊಗಳಿಕೆ ಅವರಿಗೆ ಸಲ್ಲುತ್ತದೆ. ಇನ್ನೂರು ರೊಟ್ಟಿ ಬಡಿದ ಕೈಗಳನ್ನು ಯಾರೂ ಹೆಸರಿಸುವುದಿಲ್ಲ.

ಬಯಲಿನಲ್ಲಿ ನೆಲವನ್ನು ಅಗೆದು ತೆಗ್ಗಿನ ಒಲೆ ಮಾಡುತ್ತಾರೆ. ಗಾಳಿ ಬೀಸುವ ದಿಕ್ಕಿಗೆ ಬಾಯಿ ಬಿಟ್ಟು, ಎದುರು ತುದಿಯಲ್ಲಿ ಹೊಗೆ ಹೋಗಲು ಸಂದು ಇಡಬೇಕು. ಜಾಲಿ ಕಟ್ಟಿಗೆ ಉತ್ತಮ. ಕೆಂಡ ಹೆಚ್ಚು ಹೊತ್ತು ನಿಲ್ಲುತ್ತದೆ. ತಾಮ್ರದ ದೇಗನ್ನು ಬಳಸುವುದಾದರೆ ಒಳಗಡೆ ಕಲಾಯಿ ಸರಿಯಾಗಿದೆಯೇ ಎಂದು ನೋಡುವುದು ಕಡ್ಡಾಯ. ಕಲಾಯಿ ಸವೆದ ತಾಮ್ರಕ್ಕೆ ಹುಣಸೆಯಂಥ ಹುಳಿ ತಾಗಿದರೆ ತಾಮ್ರದ ಲವಣಗಳು ಆಹಾರದಲ್ಲಿ ಸೇರಿ ವಾಂತಿ, ಹೊಟ್ಟೆನೋವು ಉಂಟಾಗುತ್ತವೆ.

ಬೆಳಗಿನ ಜಾವ ಪ್ರಾಣಿಯನ್ನು ಕೊಯ್ದು, ಮಾಂಸವನ್ನು ಒಂದೇ ಗಾತ್ರದ ತುಂಡುಗಳಾಗಿ ಕಡಿಯುತ್ತಾರೆ. ಗಾತ್ರ ಒಂದೇ ಆಗಿರದಿದ್ದರೆ ಚಿಕ್ಕವು ಕರಗಿಹೋಗುತ್ತವೆ, ದೊಡ್ಡವು ಬೇಯದೆ ಉಳಿಯುತ್ತವೆ, ಪಂಕ್ತಿಯಲ್ಲಿ ಜಗಳಕ್ಕೂ ಕಾರಣವಾಗುತ್ತವೆ. ತಲೆ, ಕಾಲುಗಳನ್ನು ಬೆಂಕಿಯಲ್ಲಿ ಸುಟ್ಟು ಕೆರೆದು ಬೇರೆ ಇಡುತ್ತಾರೆ. ಬೋಟಿಯನ್ನು ಬಿಸಿನೀರಿನಲ್ಲಿ ಹಲವು ಸಲ ತೊಳೆದು, ಕಾಳಿಜದ ಜೊತೆಗೆ ಬೇಯಿಸಿ, ದುಡಿಯುವವರ ಬೆಳಗಿನ ಊಟಕ್ಕೆ ಕೊಡುತ್ತಾರೆ. ಬಲ್ಲವರು ಕಂದೂರಿಯ ಅತ್ಯುತ್ತಮ ಊಟ ಅದೇ ಎನ್ನುತ್ತಾರೆ.

ದೇಗಿನಲ್ಲಿ ಎಣ್ಣೆ ಕಾಯಿಸಿ, ಈರುಳ್ಳಿಯನ್ನು ಕೆಂಪಗೆ ಹುರಿದು, ಶುಂಠಿ–ಬೆಳ್ಳುಳ್ಳಿ ಅರೆದದ್ದನ್ನು ಹಸಿವಾಸನೆ ಹೋಗುವವರೆಗೆ ಬಾಡಿಸಿ, ಮಾಂಸ, ಅರಿಶಿನ ಮತ್ತು ಉಪ್ಪು ಹಾಕಬೇಕು. ಮಾಂಸ ತನ್ನ ನೀರನ್ನು ತಾನೇ ಬಿಡುತ್ತದೆ. ಆ ನೀರು ಇಂಗಿ ಎಣ್ಣೆ ಮೇಲೆ ಕಾಣುವವರೆಗೆ, ಅಂದರೆ ಮೂವತ್ತು ನಲವತ್ತು ನಿಮಿಷ, ಹುರಿಯಬೇಕು. ಅವಸರದವರು ಈ ಹಂತವನ್ನು ಮೊಟಕು ಮಾಡುತ್ತಾರೆ. ಆ ತಪ್ಪನ್ನು ಮುಂದೆ ಎಷ್ಟು ಮಸಾಲೆ ಹಾಕಿದರೂ ಮುಚ್ಚಲಾಗದು. ಬಳಿಕ ಖಾರ ಹಾಕಿ, ಇನ್ನೊಂದು ಒಲೆಯಲ್ಲಿ ಕುದಿಯುತ್ತಿರುವ ನೀರನ್ನೇ ಸುರಿಯಬೇಕು. ತಣ್ಣೀರು ಸುರಿದರೆ ಇಡೀ ದೇಗಿನ ಕುದಿ ನಿಂತು, ಅದು ಮತ್ತೆ ಏಳಲು ಬಹಳ ಹೊತ್ತು ಬೇಕಾಗುತ್ತದೆ. ಎಳೆಯ ಆಡಿನ ಮಾಂಸ ಒಂದೂವರೆ ಗಂಟೆಯಲ್ಲಿ, ಬಲಿತದ್ದು ಎರಡು ಗಂಟೆ ದಾಟಿ ಬೇಯುತ್ತದೆ. ಬಹಳ ಬಲಿತ ಮಾಂಸಕ್ಕೆ ಪಪ್ಪಾಯಿ ಕಾಯಿಯ ತುಂಡು ಸೇರಿಸುತ್ತಾರೆ. ಅದರಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ನಾರನ್ನು ಮೆದುಗೊಳಿಸುತ್ತದೆ.

ಕೊಬ್ಬರಿ, ಕೊತ್ತಂಬರಿ, ಗಸಗಸೆ, ಹುರಿಗಡಲೆ ಮತ್ತು ಕೆಂಡದಲ್ಲಿ ಸುಟ್ಟ ಈರುಳ್ಳಿಯನ್ನು ಅರೆದ ಮಸಾಲೆಯನ್ನು ಮಾಂಸ ಮುಕ್ಕಾಲು ಬೆಂದ ಮೇಲಷ್ಟೇ ಹಾಕಬೇಕು. ಮೊದಲೇ ಹಾಕಿದರೆ ಕಡಲೆ ಮತ್ತು ಕೊಬ್ಬರಿ ತಳಕ್ಕೆ ಕುಳಿತು ಸೀಯುತ್ತವೆ. ಕಂದೂರಿಯಲ್ಲಿ ಆಗುವ ಅನಾಹುತಗಳಲ್ಲಿ ತಳ ಹಿಡಿಯುವುದೇ ಹೆಚ್ಚು. ತಳ ಹಿಡಿದ ವಾಸನೆ ಬಂದ ಕೂಡಲೇ ಸೌಟಿನಿಂದ ತಳ ಕೆರೆಯಬಾರದು. ಬೆಂಕಿ ಎಳೆದು, ಮೇಲಿನ ಸಾರನ್ನು ಮತ್ತೊಂದು ಪಾತ್ರೆಗೆ ಬಗ್ಗಿಸಿಕೊಂಡು, ತಳವನ್ನು ಬಿಟ್ಟುಬಿಡಬೇಕು. ಇದಕ್ಕಾಗಿಯೇ ಖಾಲಿ ಪಾತ್ರೆಯೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಅನ್ನವನ್ನು ಗಂಜಿ ಬಸಿದು ಮಾಡುತ್ತಾರೆ ಮತ್ತು ಮುದ್ದೆಯಾಗದಂತೆ ಶುಚಿಯಾದ ಬಟ್ಟೆಯ ಮೇಲೆ ಹರವುತ್ತಾರೆ.

ಬಡಿಸುವ ಕ್ರಮ

ತುಂಡು ಹಾಕುವವನು ಒಬ್ಬ, ಎಸರು ಬಿಡುವವನು ಮತ್ತೊಬ್ಬ. ಒಬ್ಬನೇ ಎರಡನ್ನೂ ಬಡಿಸಿದರೆ ಮೊದಲ ಪಂಕ್ತಿಗೆ ಮಾಂಸ, ಕೊನೆಯ ಪಂಕ್ತಿಗೆ ನೀರು ಎಂಬಂತಾಗುತ್ತದೆ. ಮಕ್ಕಳು ಮತ್ತು ಮುದುಕರಿಗೆ ಮೊದಲ ಪಂಕ್ತಿ, ಮನೆಯವರಿಗೆ ಕೊನೆಯದು. ಕರೆದವರಿಗಿಂತ ಬಂದವರು ಹೆಚ್ಚಾದಾಗ ಎಸರಿಗೆ ಕುದಿಯುವ ನೀರು ಬೆರೆಸಿ, ಹುರಿಗಡಲೆ ಹಿಟ್ಟನ್ನು ಕಲಕಿ ಹೊಯ್ದು, ಕಾಯ್ದಿರಿಸಿದ ಉಪ್ಪು ಖಾರ ಹಾಕಿ ಒಂದು ಕುದಿ ಕುದಿಸಿ ಹೆಚ್ಚಿಸುತ್ತಾರೆ. ಬಂದವರನ್ನು ಉಣ್ಣಿಸದೆ ಕಳಿಸಿದರೆ ಹರಕೆ ತೀರಿದಂತಲ್ಲ ಎಂಬುದು ನಂಬಿಕೆ.

ಆಹಾರ ಸುರಕ್ಷತೆ

ಕಂದೂರಿಯ ಕಾಲವೇ ಬೇಸಗೆ. ಆದ್ದರಿಂದ ಈ ವಿಷಯವನ್ನು ಹಗುರವಾಗಿ ಕಾಣುವಂತಿಲ್ಲ. ಚೆನ್ನಾಗಿ ಕುದಿಸಿದ ಸಾರಿನಲ್ಲಿ ಅಪಾಯವಿಲ್ಲ ಎಂಬ ಭಾವನೆ ಪೂರ್ಣ ಸರಿಯಲ್ಲ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿತದಲ್ಲಿಯೂ ಬದುಕುಳಿಯಬಲ್ಲವು. ಸಾರು ನಿಧಾನವಾಗಿ ಆರುವಾಗ, ವಿಶೇಷವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಅವು ಮೊಳೆತು ವೇಗವಾಗಿ ವೃದ್ಧಿಯಾಗುತ್ತವೆ. ದೊಡ್ಡ ದೇಗು ಆರಲು ಇಡೀ ರಾತ್ರಿ ಹಿಡಿಯುವುದರಿಂದ ಅದು ಈ ಸೂಕ್ಷ್ಮಜೀವಿಗೆ ಹೇಳಿಮಾಡಿಸಿದ ಮನೆ. ಉಂಡ 6ರಿಂದ 24 ಗಂಟೆಗಳ ಒಳಗೆ ಹೊಟ್ಟೆ ನುಲಿತ ಮತ್ತು ಭೇದಿ ಕಾಣಿಸಿಕೊಳ್ಳುತ್ತದೆ. ಮಕ್ಕಳು ಹಾಗೂ ವೃದ್ಧರಿಗೆ ಇದು ಅಪಾಯಕಾರಿ. ರಾತ್ರಿಯೇ ಸಾರು ಮಾಡಿಟ್ಟು ಮರುದಿನ ಬಡಿಸುವ ಅಭ್ಯಾಸವನ್ನು ಬಿಡಬೇಕು. ಬಡಿಸುವವರೆಗೆ ದೇಗಿನ ಕೆಳಗೆ ಕೆಂಡ ಇದ್ದು ಸಾರು 60 ಡಿಗ್ರಿಗಿಂತ ಬಿಸಿಯಾಗಿರಬೇಕು. ಉಳಿದದ್ದನ್ನು ಅಗಲ ತಟ್ಟೆಗಳಲ್ಲಿ ತೆಳುವಾಗಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಫ್ರಿಜ್ಜು ಇಲ್ಲದಿದ್ದರೆ ಅಂದೇ ಹಂಚಿ ಮುಗಿಸಬೇಕು. ಹಸಿ ಮಾಂಸ ಕಡಿದ ಹಲಗೆಯ ಮೇಲೆ ಈರುಳ್ಳಿ, ಸೌತೆ ಹೆಚ್ಚುವುದು ಮತ್ತೊಂದು ಸಾಮಾನ್ಯ ತಪ್ಪು.

ಸಾಮಾಜಿಕ ಅಂಶಗಳು

ಕಂದೂರಿ ಭಾವೈಕ್ಯದ ಆಚರಣೆ ಎಂಬ ಮಾತು ಭಾಷಣಗಳಲ್ಲಿ ಕೇಳಿಬರುತ್ತದೆ. ಎರಡು ಮತದವರು ಒಂದೇ ಹರಕೆಯಲ್ಲಿ ಕೂಡುವುದರಿಂದ ಆ ಮಾತಿನಲ್ಲಿ ಹುರುಳಿದೆ. ಆದರೆ ಕಂದೂರಿ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿತು ಎಂದರೆ ಅತಿಶಯೋಕ್ತಿಯಾದೀತು. ಪಂಕ್ತಿಭೇದ ಹಳ್ಳಿಗಳ ಊಟದಲ್ಲಿ ಬಹುಕಾಲ ಇತ್ತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದ ಬಳಿಕವೂ ಅದು ತಾನಾಗಿ ಅಳಿಯಲಿಲ್ಲ. ದೇಗು ಒಂದೇ ಆಗಿದ್ದು ಹಾಸು ಬೇರೆ ಬೇರೆ ಆಗಿದ್ದರೆ, ಹಾಸು ಎಂಬ ಅರ್ಥದ ಆ ಹೆಸರಿಗೇ ಅದು ಒಪ್ಪುವಂಥದ್ದಲ್ಲ.

ಖರ್ಚು ಇನ್ನೊಂದು ಚಿಂತೆ. ಬಂಧುಗಳು ತರುವ ಆಯೇರಿ ಮತ್ತು ಮುಯ್ಯಿಯಿಂದ ಸ್ವಲ್ಪ ಭಾರ ಇಳಿಯುತ್ತದಾದರೂ ಮುಯ್ಯಿ ಎಂಬುದು ಮರಳಿಸಬೇಕಾದ ಸಾಲವೇ. ಕೂಲಿ ಮಾಡುವ ಕುಟುಂಬಗಳು, ಕೈಮಗ್ಗದ ನೇಕಾರರು ಬಡ್ಡಿಗೆ ಹಣ ತಂದು ನೂರಾರು ಜನರಿಗೆ ಉಣ್ಣಿಸಿ, ಅದನ್ನು ವರ್ಷಗಟ್ಟಲೆ ತೀರಿಸುವುದುಂಟು. ಹರಕೆ ಇಷ್ಟೇ ದೊಡ್ಡದಿರಬೇಕೆಂದು ಸಂಪ್ರದಾಯ ಹೇಳುವುದಿಲ್ಲ. ಅನುಕೂಲವಿಲ್ಲದವರು ಕೋಳಿಯಿಂದಲೇ ಹರಕೆ ಒಪ್ಪಿಸುತ್ತಾರೆ; ಸಕ್ಕರೆ ಓದಿಸಿ ಹಂಚಿ ತೀರಿಸುವವರೂ ಇದ್ದಾರೆ. ಊರಿನ ಮಾತಿಗೆ ಅಂಜಿ ಮಾಡುವ ಎರಡನೆಯ ಆಡು ಸಂತನಿಗಾಗಿ ಅಲ್ಲ.

ಕಾನೂನು

ಕರ್ನಾಟಕದಲ್ಲಿ 1959ರ ಪ್ರಾಣಿಬಲಿ ತಡೆ ಕಾಯ್ದೆಯು ಹಿಂದೂ ದೇವಾಲಯಗಳ ಆವರಣದಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುತ್ತದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಕೇಂದ್ರದ 1960ರ ಕಾಯ್ದೆಯ 28ನೆಯ ಕಲಮು, ಯಾವುದೇ ಸಮುದಾಯದ ಧರ್ಮಕ್ಕೆ ಅಗತ್ಯವಾದ ರೀತಿಯಲ್ಲಿ ಪ್ರಾಣಿಯನ್ನು ಕೊಲ್ಲುವುದನ್ನು ಆ ಕಾಯ್ದೆಯಡಿ ಅಪರಾಧವೆಂದು ಪರಿಗಣಿಸುವುದಿಲ್ಲ. ಜಾನುವಾರು ಹತ್ಯೆಗೆ ಸಂಬಂಧಿಸಿದ ರಾಜ್ಯದ 2020ರ ಕಾಯ್ದೆ ದನ ಮತ್ತು ಎಮ್ಮೆಗಳಿಗೆ ಅನ್ವಯಿಸುತ್ತದೆ. ಕಂದೂರಿಯಲ್ಲಿ ಬಳಸುವ ಆಡು, ಕುರಿ ಮತ್ತು ಕೋಳಿಗಳು ಅದರ ವ್ಯಾಪ್ತಿಯಲ್ಲಿಲ್ಲ.